ಗರ್ಭಕೋಶ ತೆಗೆಸಿದ ಮೇಲೆ ಕಾಲಿನಲ್ಲಿ ಹೆಪ್ಪುಗಟ್ಟುವ ರಕ್ತ: ಅಮ್ಮನಿಗೆ ಆ ಇಂಜೆಕ್ಷನ್ ಬೇಕೇ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕಿನ ಹಳ್ಳಿ. ಅಮ್ಮನಿಗೆ 54 ವರ್ಷ, ಎತ್ತರ ಐದು ಅಡಿ, ತೂಕ 74 ಕೆ.ಜಿ. ಬಿ.ಪಿ. ಮಾತ್ರೆ ನಡೆಯುತ್ತಿದೆ, ಮೀನಖಂಡದಲ್ಲಿ ನರ ಉಬ್ಬಿವೆ. ಗರ್ಭಕೋಶದಲ್ಲಿ ದೊಡ್ಡ ಫೈಬ್ರಾಯ್ಡ್ ಗಡ್ಡೆ ಇದೆ. ಕ್ಯಾನ್ಸರ್ ಅಲ್ಲ ಎಂದಿದ್ದಾರೆ. ಅಡಿಕೆ ಕೊಯ್ಲು ಮುಗಿಯಲಿ ಎಂದು ಅಮ್ಮ ಮೂರು ತಿಂಗಳಿಂದ ರಕ್ತಸ್ರಾವ ನಿಲ್ಲುವ ಹಾರ್ಮೋನ್ ಮಾತ್ರೆ ನುಂಗಿಕೊಂಡು ದಿನ ದೂಡಿದರು. ಮುಂದಿನ ತಿಂಗಳು ದಾವಣಗೆರೆಯಲ್ಲಿ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯುತ್ತಾರೆ. ಆಪರೇಷನ್ ನಂತರ ರಕ್ತ ತೆಳುವಾಗುವ ಇಂಜೆಕ್ಷನ್ ಕೊಡುತ್ತೇವೆ ಎಂದು ಡಾಕ್ಟರ್ ಹೇಳಿದ್ದು ಕೇಳಿ ಮನೆಯವರಿಗೆಲ್ಲ ಗಾಬರಿ. ಮೊದಲೇ ರಕ್ತ ಹೋಗಿ ಸೊರಗಿದವರಿಗೆ ಅಂಥ ಔಷಧ ಏಕೆ? ಮೂರು ತಿಂಗಳು ಮಂಚ ಬಿಟ್ಟು ಇಳಿಯಬಾರದು ಎಂದು ಅಜ್ಜಿ ಹೇಳುತ್ತಾರೆ, ಅದು ಸರಿಯೇ? ಇನ್ನೊಂದು ಮಾತು. ನಾಲ್ಕು ವರ್ಷದ ಹಿಂದೆ ಅಮ್ಮನ ಸ್ವಂತ ಅಕ್ಕ, ನಮ್ಮ ದೊಡ್ಡಮ್ಮ, ಇದೇ ಆಪರೇಷನ್ ಮಾಡಿಸಿಕೊಂಡು ಹದಿನಾಲ್ಕನೇ ದಿನ ಮನೆಯಲ್ಲಿ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಅದಕ್ಕೆ ಎರಡು ದಿನ ಮುಂಚೆ ಅವರ ಎಡಗಾಲು ಊದಿತ್ತು. ಅದಕ್ಕೂ ಇದಕ್ಕೂ ಸಂಬಂಧವಿರಲಾರದು, ಸುಮ್ಮನೆ ತಿಳಿಸಿದೆ.

ಉತ್ತರ:

ಸುಮ್ಮನೆ ತಿಳಿಸಿದೆ ಎಂದು ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನೆಟ್ಟಿದ್ದು ಅಲ್ಲೇ. ದೊಡ್ಡಮ್ಮನವರಿಗೆ ಏನಾಯಿತು ಎಂದು ಇಷ್ಟು ದೂರದಿಂದ, ಇಷ್ಟು ವರ್ಷಗಳ ನಂತರ ಯಾರೂ ಖಚಿತವಾಗಿ ಹೇಳಲಾರರು. ಆದರೆ ಗರ್ಭಕೋಶ ತೆಗೆಸಿಕೊಂಡ ಹೆಣ್ಣುಮಗಳು, ಎರಡನೇ ವಾರ, ಒಂದೇ ಕಾಲಿನ ಊತ, ಎರಡು ದಿನ ಬಿಟ್ಟು ಹಠಾತ್ ಸಾವು ಎಂದು ಯಾವ ಸ್ತ್ರೀರೋಗ ತಜ್ಞರ ಮುಂದೆ ಹೇಳಿದರೂ ಅವರ ಮನಸ್ಸು ಮೊದಲು ಹೃದಯದ ಕಡೆ ಹೋಗುವುದಿಲ್ಲ, ಕಾಲಿನ ಕಡೆ ಹೋಗುತ್ತದೆ. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ತುಂಡು ಕಳಚಿಕೊಂಡು, ಹೃದಯದ ಬಲಭಾಗವನ್ನು ದಾಟಿ, ಶ್ವಾಸಕೋಶದ ರಕ್ತನಾಳಕ್ಕೆ ಬಿರಟೆಯಂತೆ ಸಿಕ್ಕಿಕೊಳ್ಳುತ್ತದೆ. ನೋಡುವವರಿಗೆ ಅದು ಹಾರ್ಟ್ ಅಟ್ಯಾಕ್‌ನಂತೆಯೇ ಕಾಣುತ್ತದೆ. ಉಸಿರು ಸಿಗುವುದಿಲ್ಲ, ಎದೆ ಹಿಡಿದುಕೊಳ್ಳುತ್ತಾರೆ, ಕುಸಿಯುತ್ತಾರೆ. ನಮ್ಮ ಕಡೆ ಹಾರ್ಟ್ ಅಟ್ಯಾಕ್ ಎಂದು ಮಣ್ಣು ಮಾಡಿಬಂದ ಸಾವುಗಳಲ್ಲಿ ಇಂಥವು ಎಷ್ಟೋ ಇರಬಹುದು ಎಂಬ ಅನುಮಾನ ನನಗೆ ಬಹಳ ವರ್ಷಗಳಿಂದ ಇದೆ.

ನೀವು ತೋಟದವರು, ಪಂಪ್‌ಸೆಟ್ಟಿನ ಭಾಷೆಯಲ್ಲೇ ಹೇಳುತ್ತೇನೆ. ಪಾದಕ್ಕೆ ಇಳಿದ ರಕ್ತ ಎದೆಯ ತನಕ ಮೇಲೆ ಏರಬೇಕು. ಏರಿಸುವ ಮೋಟರ್ ನಮ್ಮ ಮೀನಖಂಡ. ಹೆಜ್ಜೆ ಇಟ್ಟಾಗಲೆಲ್ಲ ಆ ಸ್ನಾಯು ಹಿಂಡಿಕೊಂಡು ರಕ್ತವನ್ನು ಮೇಲೆ ತಳ್ಳುತ್ತದೆ. ಏರಿದ್ದು ಹಿಂದಕ್ಕೆ ಬೀಳದಂತೆ ನಾಳದೊಳಗೆ ಸಣ್ಣ ಸಣ್ಣ ಕವಾಟಗಳಿವೆ, ಬಾವಿಯ ಪೈಪಿನ ತುದಿಯ ಫುಟ್‌ವಾಲ್ವ್ ಇದ್ದ ಹಾಗೆ. ಅಮ್ಮನ ಕಾಲಿನಲ್ಲಿ ಉಬ್ಬಿರುವ, ನೀವು ನರ ಎನ್ನುವ ಆ ರಕ್ತನಾಳಗಳು ಫುಟ್‌ವಾಲ್ವ್ ಸೋರಿದ ಪೈಪುಗಳು. ಇನ್ನು ಆಪರೇಷನ್ ಟೇಬಲ್ಲಿನ ಮೇಲೆ ಅರಿವಳಿಕೆ ಕೊಟ್ಟು ಮಲಗಿಸಿದರೆ ಮೀನಖಂಡ ಸಡಿಲವಾಗಿಬಿಡುತ್ತದೆ, ಕರೆಂಟ್ ಹೋದ ಮೋಟರಿನಂತೆ. ರಕ್ತ ಅಲ್ಲೇ ಮಡುಗಟ್ಟುತ್ತದೆ. ಸಾಲದೆಂಬಂತೆ ದೊಡ್ಡ ಗಡ್ಡೆ ಇರುವ ಗರ್ಭಕೋಶ ಕಿಬ್ಬೊಟ್ಟೆಯ ನಾಳಗಳನ್ನು ಮೊದಲಿನಿಂದಲೇ ಒತ್ತಿಕೊಂಡಿರುತ್ತದೆ.

ರಕ್ತ ನಿಧಾನವಾದ ಮಾತ್ರಕ್ಕೆ ಹೆಪ್ಪುಗಟ್ಟುವುದಿಲ್ಲ. ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟುವ ಕಡೆ ವಾಲುವುದು, ಇವೆರಡೂ ಜೊತೆಗೂಡುತ್ತವೆ. ಕಾಲಿನ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗುತ್ತದೆ ಎಂದು 19ನೇ ಶತಮಾನದ ಮಧ್ಯದಲ್ಲಿ ತೋರಿಸಿಕೊಟ್ಟವರು ಜರ್ಮನಿಯ ರುಡಾಲ್ಫ್ ವಿರ್ಕೊ. ಈ ಮೂರು ಕಾರಣಗಳನ್ನು ಇಂದಿಗೂ ಅವರ ಹೆಸರಿನಲ್ಲೇ ಪಾಠ ಮಾಡುತ್ತೇವೆ. ಗರ್ಭಕೋಶದ ಶಸ್ತ್ರಚಿಕಿತ್ಸೆಯಲ್ಲಿ ಮೂರೂ ಒಂದೇ ದಿನ ಒಂದೇ ದೇಹದಲ್ಲಿ ಸೇರುತ್ತವೆ. ಕೊಯ್ದ ಜಾಗದಲ್ಲಿ ರಕ್ತ ನಿಲ್ಲಲಿ ಎಂದು ದೇಹ ಹೆಪ್ಪುಗಟ್ಟಿಸುವ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಆ ಶಕ್ತಿಗೆ ಗಾಯ ಯಾವುದು, ಕಾಲು ಯಾವುದು ಎಂಬ ವಿವೇಕವಿಲ್ಲ.

ಎಡಗಾಲೇ ಏಕೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಿಬ್ಬೊಟ್ಟೆಯಲ್ಲಿ ಎಡಗಾಲಿನಿಂದ ಬರುವ ಅಭಿಧಮನಿಯ ಮೇಲೆ ಬಲಗಾಲಿಗೆ ಹೋಗುವ ಅಪಧಮನಿ ಅಡ್ಡ ಹಾಯುತ್ತದೆ. ಅದು ಬಡಿಯುತ್ತ ಒತ್ತುವುದರಿಂದ ಹೆಣ್ಣುಮಕ್ಕಳಲ್ಲಿ ಎಡಗಾಲಿನ ಹೆಪ್ಪು ಹೆಚ್ಚು.

ಈಗ ಅಮ್ಮನ ಲೆಕ್ಕ ನೋಡೋಣ. ಯಾರಿಗೆ ಎಷ್ಟು ಅಪಾಯ ಎಂದು ತೂಗಲು ಕ್ಯಾಪ್ರಿನಿ ಎಂಬ ಅಮೆರಿಕದ ಶಸ್ತ್ರವೈದ್ಯರ ಹೆಸರಿನ ಅಂಕಪಟ್ಟಿ ಇದೆ. 41ರಿಂದ 60ರ ವಯಸ್ಸಿಗೆ ಒಂದು ಅಂಕ. 45 ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಶಸ್ತ್ರಚಿಕಿತ್ಸೆಗೆ ಎರಡು. ಎತ್ತರಕ್ಕೆ ಮೀರಿದ ತೂಕಕ್ಕೆ ಒಂದು. ಐದು ಅಡಿಗೆ 74 ಕೆ.ಜಿ. ಎಂದರೆ ದೇಹತೂಕದ ಸೂಚ್ಯಂಕ 32ರ ಹತ್ತಿರ, ಪಟ್ಟಿ 25 ದಾಟಿದರೇ ಎಣಿಸುತ್ತದೆ. ಉಬ್ಬಿದ ನಾಳಗಳಿಗೆ ಒಂದು. ಇಲ್ಲಿಗೇ ಐದಾಯಿತು, ಐದು ಮುಟ್ಟಿದರೆ ಹೆಚ್ಚಿನ ಅಪಾಯದ ಗುಂಪು. ಹತ್ತಿರದ ರಕ್ತಸಂಬಂಧಿಗೆ ಹೆಪ್ಪಿನ ಕಾಯಿಲೆ ಬಂದಿದ್ದರೆ ಅದಕ್ಕೆ ಮೂರು ಅಂಕ. ವಯಸ್ಸಿಗೆ ಒಂದು, ಆಪರೇಷನ್ನಿಗೇ ಎರಡು, ಮನೆತನದ ಕಥೆಗೆ ಮೂರು! ನೀವು ಸುಮ್ಮನೆ ತಿಳಿಸಿದ್ದು ಈ ಪಟ್ಟಿಯ ಅತಿ ತೂಕದ ಸಾಲುಗಳಲ್ಲೊಂದು.

ಆ ಮಾತ್ರೆಯ ವಿಷಯ. ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ ಮುಟ್ಟು ಮುಂದೂಡಲು ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ಪಡೆಯುವ ಮಾತ್ರೆ ನಮ್ಮಲ್ಲಿ ಬಹುಪಾಲು ನೊರೆಥಿಸ್ಟಿರಾನ್. ರಕ್ತಸ್ರಾವ ನಿಲ್ಲಿಸಲು ದಿನಕ್ಕೆ ಮೂರು ಬಾರಿ ಕೊಡುವುದೂ ಸಾಮಾನ್ಯವಾಗಿ ಅದನ್ನೇ. ಒಳ್ಳೆಯ ಔಷಧವೇ. ಆದರೆ ಆ ಪ್ರಮಾಣದಲ್ಲಿ ತೆಗೆದುಕೊಂಡಾಗ ಅದರ ಸ್ವಲ್ಪ ಭಾಗ ದೇಹದೊಳಗೆ ಗರ್ಭನಿರೋಧಕ ಗುಳಿಗೆಯಲ್ಲಿರುವ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ, ಈಸ್ಟ್ರೋಜನ್ ರಕ್ತವನ್ನು ಹೆಪ್ಪಿನ ಕಡೆ ವಾಲಿಸುತ್ತದೆ. ಅದಕ್ಕೇ ಈಸ್ಟ್ರೋಜನ್ ಇರುವ ಗುಳಿಗೆಯನ್ನು ದೊಡ್ಡ ಶಸ್ತ್ರಚಿಕಿತ್ಸೆಗೆ ಸುಮಾರು ನಾಲ್ಕು ವಾರ ಮೊದಲೇ ನಿಲ್ಲಿಸಲು ಹೇಳುತ್ತೇವೆ. ಹಾಗೆಂದು ನೀವೇ ನಾಳೆ ಬೆಳಗ್ಗೆ ಅಮ್ಮನ ಮಾತ್ರೆ ನಿಲ್ಲಿಸಬೇಡಿ, ಮತ್ತೆ ರಕ್ತ ಹರಿದು ಹಿಮೋಗ್ಲೋಬಿನ್ ನೆಲ ಕಚ್ಚೀತು. ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಡಾಕ್ಟರಿಗೆ ತೋರಿಸಿ, ಎಷ್ಟು ದಿನದಿಂದ ದಿನಕ್ಕೆ ಎಷ್ಟು ಎಂದು ಹೇಳಿ. ಬದಲಿ ದಾರಿಗಳಿವೆ. ಇನ್ನೂ ತಿಂಗಳಿರುವುದರಿಂದ ಕಬ್ಬಿಣಾಂಶ ತುಂಬಿಸಿಕೊಳ್ಳಲೂ ಸಮಯವಿದೆ.

ಇನ್ನು ಇಂಜೆಕ್ಷನ್. ಮನೆಯವರ ಭಯ ಅರ್ಥವಾಗದ್ದೇನಲ್ಲ. ಆದರೆ ರಕ್ತ ತೆಳುವಾಗುವುದು ಎಂಬ ಮಾತೇ ಅರ್ಧ ಅನಾಹುತ ಮಾಡುತ್ತದೆ. ಈ ಔಷಧ ರಕ್ತಕ್ಕೆ ನೀರು ಬೆರೆಸುವುದಿಲ್ಲ; ಹೆಪ್ಪುಗಟ್ಟುವ ಸರಪಳಿಯ ಒಂದೆರಡು ಕೊಂಡಿಗಳನ್ನು ಸಡಿಲ ಮಾಡುತ್ತದೆ, ಅಷ್ಟೇ. ಸಾಮಾನ್ಯವಾಗಿ ಬಳಸುವುದು ಎನಾಕ್ಸಾಪರಿನ್, ತಡೆಗಟ್ಟಲು ದಿನಕ್ಕೆ ಒಮ್ಮೆ 40 ಮಿಲಿಗ್ರಾಂ. ಹೆಪ್ಪು ಆಗಿಬಿಟ್ಟ ಮೇಲೆ ಚಿಕಿತ್ಸೆಗೆ ಕೊಡಬೇಕಾದ್ದು ಕೆ.ಜಿ. ತೂಕಕ್ಕೆ ಒಂದು ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ. ನಿಮ್ಮ ಅಮ್ಮನಿಗಾದರೆ ಸುಮಾರು 75, ಮತ್ತೆ 75. ಅಂದರೆ ಈಗ ಕೊಡುವ 40ಕ್ಕೆ ಹೆದರಿ ಬೇಡವೆಂದರೆ, ಮುಂದೆ ಹೊಲಿಗೆ ಹಸಿಯಿರುವಾಗಲೇ 150ರ ಅಪಾಯವನ್ನು ಎದುರಿಸುವ ಪ್ರಸಂಗ ಬರಬಹುದು. ಅದೂ ಕನಿಷ್ಠ ಮೂರು ತಿಂಗಳ ರಕ್ತ ತೆಳುವಿನ ಔಷಧದೊಂದಿಗೆ.

ರಕ್ತಸ್ರಾವ ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. 1975ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯದಲ್ಲಿ ದಾರಿ ತೋರಿಸಿತು. ನಡೆಸಿದವರು ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿದ್ದ ಭಾರತ ಮೂಲದ ಶಸ್ತ್ರವೈದ್ಯ ವಿ. ವಿ. ಕಕ್ಕರ್ ಮತ್ತು ಹಲವು ದೇಶಗಳ ಅವರ ಸಂಗಾತಿಗಳು. ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ 4,121 ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಎನಾಕ್ಸಾಪರಿನ್‌ನ ಮೂಲ ಔಷಧವಾದ ಹೆಪಾರಿನ್ ಅನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟರು, ಉಳಿದವರಿಗೆ ಇಲ್ಲ. ಕೊಡದ ಗುಂಪಿನಲ್ಲಿ ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಸತ್ತವರು 16 ಮಂದಿ, ಕೊಟ್ಟ ಗುಂಪಿನಲ್ಲಿ ಇಬ್ಬರು. ಗಾಯದ ಜಾಗದಲ್ಲಿ ರಕ್ತ ಕಟ್ಟಿಕೊಂಡು ಕಪ್ಪಾಗುವುದು ಹೆಪಾರಿನ್ ಗುಂಪಿನಲ್ಲಿ ಸ್ವಲ್ಪ ಹೆಚ್ಚಿತ್ತು, ನಿಜ. ಕಪ್ಪು ಕಲೆ ಕರಗುತ್ತದೆ.

ಸಮಯ ಮುಖ್ಯ. ನಮ್ಮಲ್ಲಿ ಇಂಥ ಶಸ್ತ್ರಚಿಕಿತ್ಸೆ ಹೆಚ್ಚಾಗಿ ಬೆನ್ನಿಗೆ ಕೊಡುವ ಅರಿವಳಿಕೆಯಲ್ಲಿ ನಡೆಯುತ್ತದೆ. ಎನಾಕ್ಸಾಪರಿನ್ ಕೊಟ್ಟ 12 ಗಂಟೆಯೊಳಗೆ ಬೆನ್ನಿಗೆ ಸೂಜಿ ಹಾಕಿದರೆ ಬೆನ್ನುಹುರಿಯ ಸುತ್ತ ರಕ್ತ ಕಟ್ಟಿಕೊಳ್ಳುವ ಅಪರೂಪದ, ಆದರೆ ಘೋರವಾದ ತೊಂದರೆ ಆಗಬಹುದು. ಆದ್ದರಿಂದ ಅರಿವಳಿಕೆ ತಜ್ಞರೂ ಶಸ್ತ್ರವೈದ್ಯರೂ ಗಂಟೆ ಎಣಿಸಿ ಮೊದಲ ಡೋಸ್ ನಿಗದಿ ಮಾಡುತ್ತಾರೆ, ಸಾಮಾನ್ಯವಾಗಿ ಆಪರೇಷನ್ ಆದ ಮೇಲೆ, ರಕ್ತಸ್ರಾವ ನಿಂತಿದೆ ಎಂದು ಖಾತ್ರಿಯಾದ ನಂತರ. ಅಂದು ರಾತ್ರಿ ಕೊಡಲಿಲ್ಲವೇಕೆ ಎಂದು ನರ್ಸ್ ಮೇಲೆ ರೇಗಬೇಡಿ. ಮೂತ್ರಪಿಂಡ ಸೋತವರಿಗೆ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ, ಹಾಗಾಗಿ ಮೊದಲೇ ಕ್ರಿಯಾಟಿನಿನ್ ನೋಡುತ್ತಾರೆ. ಪ್ಲೇಟ್ಲೆಟ್ ಎಣಿಕೆಯ ಮೇಲೂ ಕಣ್ಣಿರಬೇಕು. ಅಪರೂಪಕ್ಕೆ ಐದನೇ ದಿನದ ನಂತರ ಅದು ಕುಸಿಯುತ್ತದೆ. ಹೃದಯಕ್ಕೆಂದು ಕೊಡುವ ಆಸ್ಪಿರಿನ್ ಮಾತ್ರೆ ಇದಕ್ಕೆ ಬದಲಿಯಾಗದು.

ಕೇಳಲು ಸಂಕೋಚಪಡುವ ಒಂದು ಪ್ರಶ್ನೆಗೂ ಇಲ್ಲೇ ಉತ್ತರಿಸಿಬಿಡುತ್ತೇನೆ. ಹೆಪಾರಿನ್, ಎನಾಕ್ಸಾಪರಿನ್ ತಯಾರಾಗುವುದು ಹಂದಿಯ ಕರುಳಿನ ಒಳಪದರದಿಂದ. ಮಾಂಸ ಮುಟ್ಟದ ಮನೆಗಳವರಿಗೂ ಮುಸ್ಲಿಂ ಕುಟುಂಬಗಳಿಗೂ ಇದನ್ನು ಮೊದಲೇ ತಿಳಿಸುವುದು ನನ್ನ ಪದ್ಧತಿ. ಹೆಚ್ಚಿನವರು ಔಷಧವಲ್ಲವೇ ಎಂದು ಒಪ್ಪುತ್ತಾರೆ. ಒಪ್ಪದವರಿಗೆ ಫೊಂಡಾಪರಿನಕ್ಸ್ ಎಂಬ ಪೂರ್ತಿ ಪ್ರಯೋಗಾಲಯದಲ್ಲೇ ತಯಾರಾದ ಇಂಜೆಕ್ಷನ್ ಇದೆ. ಮುಚ್ಚಿಟ್ಟು ಕೊಟ್ಟು ಆಮೇಲೆ ಗೊತ್ತಾಗುವುದಕ್ಕಿಂತ ಇದು ಮೇಲು.

ಅಜ್ಜಿಯ ಮಾತಿಗೆ ಬರೋಣ. ಗರ್ಭಕೋಶ ತೆಗೆಸಿಕೊಂಡವರನ್ನು ನಮ್ಮಲ್ಲಿ ಬಾಣಂತಿಯಂತೆಯೇ ನೋಡಿಕೊಳ್ಳುತ್ತಾರೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿ ಮುಚ್ಚಿದ ಕೋಣೆ, ನೀರು ಹೆಚ್ಚು ಕುಡಿದರೆ ಹೊಲಿಗೆ ಕೀವಾಗುತ್ತದೆ ಎಂದು ಲೋಟದ ಲೆಕ್ಕ. ಪ್ರೀತಿಯಿಂದಲೇ ಮಾಡುತ್ತಾರೆ, ಆ ಪ್ರೀತಿಯನ್ನು ನಾನು ಹಂಗಿಸುವುದಿಲ್ಲ. ಆದರೆ ಅಲ್ಲಾಡದ ಕಾಲು, ಬತ್ತಿದ ಮೈ, ಈ ಎರಡೂ ಹೆಪ್ಪಿಗೆ ಹದವಾದ ಪಾತ್ರೆ. ಮೊಸರಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲುಗಿಸಬೇಡ ಎಂದು ಸೊಸೆಗೆ ಹೇಳುವ ಅಜ್ಜಿಗೇ ಇದು ಎಲ್ಲರಿಗಿಂತ ಬೇಗ ಅರ್ಥವಾಗಬೇಕು. ನಾನು ಹಾಗೆ ಹೇಳಿದಾಗ ಒಬ್ಬ ಅಜ್ಜಿ ನಕ್ಕು, ಸಂಜೆಯೇ ಮಗಳ ತೋಳು ಹಿಡಿದು ವಾರ್ಡಿನಲ್ಲಿ ನಡೆಸಿದ್ದರು.

ಆಪರೇಷನ್ ಆದ ದಿನ ಸಂಜೆ ಅಥವಾ ಮರುದಿನ ಬೆಳಗ್ಗೆ, ಡಾಕ್ಟರ್ ಸರಿ ಎಂದ ಕೂಡಲೇ, ಅಮ್ಮ ನೆಲಕ್ಕೆ ಕಾಲಿಡಬೇಕು. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕುಳಿತದ್ದನ್ನು ನಡಿಗೆ ಎಂದು ಲೆಕ್ಕ ಹಾಕಬೇಡಿ. ನಡೆಯಲು ನೋವಿದ್ದರೆ ನೋವಿನ ಔಷಧ ಕೇಳಿ ಪಡೆಯಿರಿ, ಸಹಿಸಿಕೊಂಡು ಮಲಗುವುದು ಸಾಧನೆಯಲ್ಲ. ಮಂಚದಲ್ಲಿದ್ದಾಗ ಹೊಲಿಗೆಯಂತ್ರ ತುಳಿದ ಹಾಗೆ ಪಾದವನ್ನು ಮೇಲೆ ಕೆಳಗೆ ಆಡಿಸಲಿ, ಎಚ್ಚರವಿದ್ದಾಗ ಗಂಟೆಗೆ ಹತ್ತು ಹದಿನೈದು ಬಾರಿ. ಭಾರ ಎತ್ತುವುದು ಆರು ವಾರ ಬೇಡ. ಬಿಂದಿಗೆ ಬೇಡ, ಹಿತ್ತಲಿಗೆ ನಡೆದುಹೋಗುವುದು ಬೇಕು. ನೀರು ಬಾಯಾರಿಕೆಗೆ ತಕ್ಕಷ್ಟು, ತಡೆಯಿಲ್ಲದೆ.

ಆಸ್ಪತ್ರೆಯಲ್ಲಿ ಕಾಲಿಗೆ ಬಿ.ಪಿ. ನೋಡುವ ಪಟ್ಟಿಯಂಥದ್ದನ್ನು ಸುತ್ತಿ, ಗಾಳಿ ತುಂಬಿ ಬಿಡುವ ಯಂತ್ರ ಇಡಬಹುದು. ಅದು ನಿಂತ ಮೋಟರಿನ ಕೆಲಸವನ್ನು ಹೊರಗಿನಿಂದ ಮಾಡುತ್ತದೆ, ಸದ್ದು ಎಂದು ತೆಗೆಸಬೇಡಿ. ಬಿಗಿ ಕಾಲುಚೀಲ ಕೊಟ್ಟರೆ ಅಳತೆ ತೆಗೆದು ಕೊಟ್ಟದ್ದೇ ಆಗಿರಬೇಕು. ಸುರುಳಿ ಸುತ್ತಿ ಮಂಡಿಯ ಕೆಳಗೆ ಉಳಿದ ಚೀಲ ಕಾಲಿಗೆ ಹಗ್ಗ ಕಟ್ಟಿದಂತೆ, ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಮನೆಗೆ ಹೋಗುವ ದಿನ ಎಲ್ಲರೂ ಉಸಿರು ಬಿಡುತ್ತಾರೆ. ಅಪಾಯ ಮಾತ್ರ ಮುಗಿದಿರುವುದಿಲ್ಲ. ಬ್ರಿಟನ್ನಿನ ಸುಮಾರು 9.5 ಲಕ್ಷ ಮಧ್ಯವಯಸ್ಸಿನ ಮಹಿಳೆಯರನ್ನು ಗಮನಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ನಂತರ ಹೆಪ್ಪಿನ ಅಪಾಯ ಅತಿ ಹೆಚ್ಚು ಕಂಡದ್ದು ಮೂರನೇ ವಾರದ ಹೊತ್ತಿಗೆ. 12 ವಾರಗಳ ತನಕವೂ ಅದು ಇದ್ದೇ ಇತ್ತು. ಮೂರನೇ ವಾರ ಎಂದರೆ ಹೊಲಿಗೆ ಬಿಚ್ಚಿ, ನೆಂಟರು ಬಂದು ಹೋಗಿ, ಎಲ್ಲರೂ ಮರೆತಿರುವ ಕಾಲ. ನಿಮ್ಮ ದೊಡ್ಡಮ್ಮ ತೀರಿಕೊಂಡದ್ದು ಹದಿನಾಲ್ಕನೇ ದಿನ.

ಎಷ್ಟು ದಿನ ಇಂಜೆಕ್ಷನ್? ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದರೆ ನಾಲ್ಕು ವಾರ ಎಂಬುದು ಈಗ ರೂಢಿಯಾಗಿದೆ. ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರಲ್ಲಿ ಒಂದು ವಾರಕ್ಕೆ ನಿಲ್ಲಿಸಿದಾಗ ನೂರಕ್ಕೆ 12 ಮಂದಿಯಲ್ಲಿ, ನಾಲ್ಕು ವಾರ ಕೊಟ್ಟಾಗ ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಯಲ್ಲಿ ಪರೀಕ್ಷೆಯಲ್ಲಿ ಹೆಪ್ಪು ಕಂಡುಬಂದದ್ದು 2002ರಲ್ಲಿ ಪ್ರಕಟವಾಗಿದೆ. ಕ್ಯಾನ್ಸರ್ ಅಲ್ಲದ ಗಡ್ಡೆಗೆ ಸಾಮಾನ್ಯವಾಗಿ ಚೆನ್ನಾಗಿ ಓಡಾಡುವ ತನಕ, ಏಳರಿಂದ ಹತ್ತು ದಿನ. ಅಮ್ಮನಿಗೆ ಇಷ್ಟೊಂದು ಅಂಕ ಇರುವುದರಿಂದ ಮುಂದುವರಿಸಬೇಕೇ ಎಂದು ಡಿಸ್ಚಾರ್ಜ್ ದಿನ ನೇರವಾಗಿ ಕೇಳಿ. ಹೊಟ್ಟೆ ಕೊಯ್ಯದೆ ಸಣ್ಣ ರಂಧ್ರಗಳ ಮೂಲಕ, ಅಂದರೆ ಲ್ಯಾಪರೊಸ್ಕೋಪಿಯಲ್ಲಿ ಮಾಡಲಾದೀತೇ ಎಂದೂ ಈಗಲೇ ಕೇಳಬಹುದು, ಅದರಲ್ಲಿ ಹೆಪ್ಪಿನ ಅಪಾಯ ಕಡಿಮೆ. ಆದರೆ ಗಡ್ಡೆಯ ಗಾತ್ರ ನೋಡಿ ಹೇಳಬೇಕಾದವರು ಕೈ ಇಟ್ಟು ಪರೀಕ್ಷಿಸಿದವರು, ನಾನಲ್ಲ.

ಮನೆಯಲ್ಲಿ ಚುಚ್ಚುವುದು ನೀವೇ ಕಲಿಯಬಹುದು. ಮುಂಚೆಯೇ ತುಂಬಿದ ಸಣ್ಣ ಸಿರಿಂಜ್ ಬರುತ್ತದೆ. ಒಳಗಿನ ಗಾಳಿಗುಳ್ಳೆಯನ್ನು ಹೊರಗೆ ತಳ್ಳಬೇಡಿ, ಜೊತೆಗೆ ಔಷಧವೂ ಹೋಗುತ್ತದೆ. ಹೊಕ್ಕುಳಿನಿಂದ ಮೂರು ಬೆರಳು ಆಚೆ, ಹೊಲಿಗೆಯಿಂದ ದೂರ, ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮಡಿಕೆ ಹಿಡಿದು ನೇರವಾಗಿ ಚುಚ್ಚಿ, ನಿಧಾನವಾಗಿ ಒತ್ತಿ, ಸೂಜಿ ತೆಗೆದ ಮೇಲೆ ಮಡಿಕೆ ಬಿಡಿ. ಉಜ್ಜಬಾರದು. ಇಂದು ಎಡ, ನಾಳೆ ಬಲ. ಫ್ರಿಜ್ ಬೇಕಿಲ್ಲ, ಆದರೆ 25 ಡಿಗ್ರಿಯೊಳಗೆ ಇರಬೇಕು. ದಾವಣಗೆರೆಯ ಬೇಸಿಗೆಯಲ್ಲಿ ಶೀಟಿನ ಮನೆಯ ಅಟ್ಟ, ಬೈಕಿನ ಡಿಕ್ಕಿ ಎರಡೂ ಸಲ್ಲ. ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಲೂ ಬೇಡಿ. ಪ್ಯಾಡ್ ಬೇಗ ಬೇಗ ತೋಯುವುದು, ಮಲ ಕಪ್ಪಾಗುವುದು, ಗಾಯದಿಂದ ರಕ್ತ ಜಿನುಗುವುದು ಕಂಡರೆ ಮುಂದಿನ ಡೋಸ್ ಕೊಡುವ ಮುನ್ನ ಫೋನ್ ಮಾಡಿ.

ಕಾಲು ಊದಿದರೆ ಏನು ಮಾಡಬಾರದು ಎಂಬುದನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಆಪರೇಷನ್ ಆಗಿ ಹತ್ತು ದಿನವಾಗಿದ್ದ ಒಬ್ಬರನ್ನು ಮಗ ಕರೆತಂದಿದ್ದ. ಸೀರೆ ಸರಿಸಿದಾಗ ಎಡಗಾಲು ಮಿರಮಿರ ಹೊಳೆಯುತ್ತಿತ್ತು, ಊತಕ್ಕೂ, ಹರಳೆಣ್ಣೆಗೂ. ರಾತ್ರಿಯಿಡೀ ನೀವಿದ್ದೇನೆ, ಡಾಕ್ಟ್ರೇ, ಇಳಿಯಲೇ ಇಲ್ಲ ಎಂದ. ಟೇಪ್ ಹಿಡಿದು ಅಳೆದೆ. ಬಲ ಮೀನಖಂಡ 33 ಸೆಂಟಿಮೀಟರ್, ಎಡ 37. ಆಕೆ ಬದುಕಿಕೊಂಡರು. ಆದರೆ ಆ ಹೆಪ್ಪು ನೀವುವಾಗಲೇ ಕಳಚಿಕೊಳ್ಳಬಹುದಿತ್ತು, ಮಗನ ಕೈಯಲ್ಲೇ. ಅದನ್ನು ಅವನಿಗೆ ನಾನು ಹೇಳಲಿಲ್ಲ.

ಆದ್ದರಿಂದ ಟೈಲರ್ ಟೇಪ್ ಒಂದನ್ನು ಮನೆಯಲ್ಲಿಡಿ. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಿಂದ ಒಂದು ಗೇಣಿನ ಅರ್ಧದಷ್ಟು, ಅಂದರೆ ಹತ್ತು ಸೆಂಟಿಮೀಟರ್ ಕೆಳಗೆ, ಎರಡೂ ಕಾಲನ್ನು ಒಂದೇ ಮಟ್ಟದಲ್ಲಿ ಅಳೆಯಿರಿ. ಮೂರು ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಅಥವಾ ಅಳತೆ ಏನೇ ಇರಲಿ, ಒಂದೇ ಕಾಲು ನೋಯುತ್ತ ಬಿಸಿಯಾಗುತ್ತಿದ್ದರೆ, ಎಣ್ಣೆ, ನೀವುವುದು, ಬಿಸಿ ಶಾಖ ಯಾವುದೂ ಬೇಡ. ಅಂದೇ ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಇರುವ ಕಡೆ ಕರೆತನ್ನಿ. ಡಿ-ಡೈಮರ್ ಎಂಬ ರಕ್ತಪರೀಕ್ಷೆ ಮಾಡಿಸಿ ನೋಡೋಣ ಎಂದು ಯಾರಾದರೂ ಹೇಳಿದರೆ ಅದನ್ನು ನೆಚ್ಚಿ ಕೂರಬೇಡಿ; ಆಪರೇಷನ್ ಆದ ಎಲ್ಲರಲ್ಲೂ ಅದು ಏರಿರುತ್ತದೆ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ತಲೆ ಸುತ್ತಿ ಬಿದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಗರ್ಭಕೋಶದ ಆಪರೇಷನ್ ಆಗಿ ಇಷ್ಟು ದಿನವಾಯಿತು ಎಂಬುದು ನೀವು ಹೇಳುವ ಮೊದಲ ವಾಕ್ಯವಾಗಿರಲಿ.

ನಿಮಗೂ, ದೊಡ್ಡಮ್ಮನ ಹೆಣ್ಣುಮಕ್ಕಳಿಗೂ ಒಂದು ಮಾತು. ಗರ್ಭನಿರೋಧಕ ಗುಳಿಗೆ ಶುರು ಮಾಡುವ ಮುನ್ನ, ಗರ್ಭಿಣಿಯಾದಾಗ, ಈ ಕಥೆಯನ್ನು ಅಲ್ಲಿಯೂ ಹೇಳಬೇಕು.

ಅಮ್ಮನನ್ನು ಮತ್ತೊಮ್ಮೆ ದಾವಣಗೆರೆಗೆ ಕರೆದೊಯ್ಯುವಾಗ ದೊಡ್ಡಮ್ಮನವರ ಹಳೆಯ ಡಿಸ್ಚಾರ್ಜ್ ಚೀಟಿ ಅವರ ಮನೆಯ ಬೀರುವಿನಲ್ಲಿ ಸಿಗುತ್ತದೆಯೇ ಹುಡುಕಿಸಿ. ಸಿಗದಿದ್ದರೂ ಚಿಂತೆಯಿಲ್ಲ. ಶಸ್ತ್ರವೈದ್ಯರಿಗೂ, ಅರಿವಳಿಕೆ ಡಾಕ್ಟರಿಗೂ ಬೇರೆ ಬೇರೆಯಾಗಿ ಹೇಳಿ: ಅಕ್ಕ, ಇದೇ ಆಪರೇಷನ್, ಹನ್ನೆರಡನೇ ದಿನ ಎಡಗಾಲು ಊದಿತ್ತು, ಹದಿನಾಲ್ಕನೇ ದಿನ ತೀರಿಕೊಂಡರು. ಅವರು ಕೇಸ್ ಶೀಟಿನಲ್ಲಿ ಅದನ್ನು ಬರೆದುಕೊಳ್ಳುವ ತನಕ ಕುರ್ಚಿಯಿಂದ ಏಳಬೇಡಿ.